ಬಾಗಿಲು ಕಾಯುವವನ ಊಟ

ಒಬ್ಬ ಕೂತು ಸುಳ್ಳು ಹೇಳುವುದು, ಮೂವರು ಅದನ್ನು ನಂಬಿ ಜಗಳವಾಡುವುದು ಎಲ್ಲಿಯವರೆಗೆ ನಡೆಯುತ್ತದೋ ಅಲ್ಲಿಯವರೆಗೆ ಇಂಥ ಪ್ರಸಂಗಗಳಿಗೆ ಕೊನೆಯಿಲ್ಲ. ನಮ್ಮಲ್ಲಿ ಆ ಸುಳ್ಳು ಹೇಳುವವನು ನಾನು.

ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ನನ್ನದೊಂದು ಕನ್ನಡಕದ ಅಂಗಡಿ. ವಾರದ ಆರು ದಿನ ಗಿರಾಕಿಯ ಮೂಗಿನ ಮೇಲೆ ಗಾಜು ಬದಲಿಸುತ್ತಾ "ಇದು ಚಲೋ ಕಾಣ್ತತೋ, ಅದು ಚಲೋ ಕಾಣ್ತತೋ?" ಎಂದು ಕೇಳುವುದೇ ನನ್ನ ಕಸುಬು. ಉತ್ತರ ಎರಡೇ. ಯಾರಾದರೂ ಮೂರನೆಯದು ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಭಾನುವಾರ ಮಧ್ಯಾಹ್ನ ಮಾತ್ರ ಷಟರ್ ಅರ್ಧ ಇಳಿಸಿ, ಕಣ್ಣು ಪರೀಕ್ಷಿಸುವ ಅಕ್ಷರದ ಹಲಗೆಯನ್ನು ತಿರುಗಿಸಿ, ಅದರ ಬೆನ್ನಿಗೆ ಕೋಟೆ, ಕಾಡು, ಹೊಳೆ ಬರೆದು ನಾನು ಬೇರೆ ಮನುಷ್ಯನಾಗುತ್ತೇನೆ.

ಆಟ ಸರಳ. ನಾನು ಕಥೆ ಹೇಳುತ್ತೇನೆ, ಉಳಿದ ಮೂವರು ಆ ಕಥೆಯೊಳಗೆ ಒಂದೊಂದು ಪಾತ್ರ. ಅವರು ಏನು ಬೇಕಾದರೂ ಮಾಡಬಹುದು. ಮಾಡಿದ್ದು ಕೈಗೂಡುತ್ತದೋ ಇಲ್ಲವೋ ಎಂಬ ಅನುಮಾನ ಬಂದರೆ ಇಪ್ಪತ್ತು ಮುಖದ ದಾಳ ಉರುಳಿಸುತ್ತೇವೆ. ರಾಜ, ರಾಕ್ಷಸ, ಮುದುಕಿ, ಕತ್ತೆ ಇವರೆಲ್ಲರ ಮಾತು ನನ್ನ ಬಾಯಿಂದಲೇ ಬರಬೇಕು.

ಆಡುವವರಲ್ಲಿ ಮೊದಲನೆಯವನು ಸಿರುಗುಪ್ಪದ ಅಕ್ಕಿ ಗಿರಣಿಯ ಮಾಲೀಕ. ನನ್ನ ಶಾಲೆಯ ಗೆಳೆಯ, ಆಟದಲ್ಲಿ ಕತ್ತಿ ಹಿಡಿದ ವೀರ. ಅವನಿಗೆ ಸಿಟ್ಟು ನೆತ್ತಿಗೇರಿದರೆ ತೆಲುಗು ಬರುತ್ತದೆ. ಎರಡನೆಯವರು ಕುರುಗೋಡಿನ ಟೀಚರಮ್ಮ, ಆಟದಲ್ಲಿ ಮಂತ್ರಗಾತಿ. ಮೂರನೆಯವರು ನಮ್ಮ ಬಳ್ಳಾರಿಯವರೇ ಆದ ಜೀನ್ಸ್ ಮಾಸ್ತರ್, ಪ್ಯಾಂಟು ಹೊಲಿಸುವವರು, ಜನ್ಮದಲ್ಲಿ ಒಂದು ಗುಂಡಿಯನ್ನೂ ಕದ್ದವರಲ್ಲ. ಅವರೇ ನಮ್ಮ ಕಳ್ಳ.

೧. ಮೂರು ಗಂಟೆಯ ಹಸಿವು

ಮೊದಲ ದಿನದ ಆಟ. ನಾನು ಗಂಟಲು ಸರಿಮಾಡಿಕೊಂಡು, "ಎದುರಿಗೆ ಕೋಟೆ ಬಾಗಿಲು. ಕಾವಲಿನವ ಭರ್ಜಿ ಹಿಡಕೊಂಡು ನಿಂತಾನ. ಏನ್ ಮಾಡ್ತೀರಿ?" ಎಂದೆ.

"ಹೊಡಿತೀನಿ," ಎಂದು ಗಿರಣಿಯವನು ದಾಳಕ್ಕೆ ಕೈ ಹಾಕಿದ.

"ತಡೀರಿ," ಎಂದರು ಟೀಚರ್. "ನಾನು ಮೊದಲು ಅವನ್ನ ಕೇಳ್ತೀನಿ. ಊಟ ಆತೇನಪಾ?"

ಆ ಕಾವಲಿನವನಿಗಾಗಿ ನಾನು ಒಂದು ವಾರ ತಯಾರಿ ಮಾಡಿದ್ದೆ. ಅವನ ಬಲ ಎಷ್ಟು, ಭರ್ಜಿಯ ಉದ್ದ ಎಷ್ಟು, ಕವಚ ಎಲ್ಲಿ ತೂತಾಗಿದೆ ಎಲ್ಲವನ್ನೂ ಬರೆದಿಟ್ಟುಕೊಂಡಿದ್ದೆ. ಊಟದ ವಿಚಾರ ಬರೆದಿರಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ: "ಇನ್ನೂ ಇಲ್ರಿ."

"ಯಾಕ? ಹೊತ್ತು ಮೂರಾತು."

"ಬದಲಿ ಬರಾವ ಬಂದಿಲ್ರಿ ಅಕ್ಕಾರ. ಮುಂಜಾನಿಂದ ನಾನ ನಿಂತೀನಿ."

ಟೀಚರ್ ತಮ್ಮ ಚೀಲದಿಂದ ನಿಜವಾದ ಡಬ್ಬಿಯನ್ನೇ ತೆಗೆದರು. ಎರಡು ಜೋಳದ ರೊಟ್ಟಿ, ಪುಂಡಿ ಪಲ್ಯ, ಮೇಲೊಂದಿಷ್ಟು ಶೇಂಗಾ ಪುಡಿ. "ತಗಾ, ಮೊದಲು ಉಣ್ಣು," ಎಂದು ನನ್ನ ಮುಂದಿಟ್ಟರು. ಕಾವಲಿನವನ ಪರವಾಗಿ ನಾನೇ ಉಣ್ಣಬೇಕಾಯಿತು. ಪಲ್ಯ ಚೆನ್ನಾಗಿತ್ತು. ತಲೆ ಎತ್ತಿ ನೋಡುವಷ್ಟರಲ್ಲಿ ಜೀನ್ಸ್ ಮಾಸ್ತರ್ ಬಾಗಿಲು ದಾಟಿ ಒಳಗೆ ಹೋಗಿದ್ದರು.

"ಅಲ್ಲಲೇ, ದಾಳ ಹಾಕಲಿಲ್ಲಲ್ಲ!" ಎಂದ ಗಿರಣಿಯವನು.

"ಉಂಡ ಮ್ಯಾಲೆ ದಾಳ ಯಾಕ ಬೇಕ್ರಿ?" ಎಂದರು ಟೀಚರ್.

ಅಂದಿನಿಂದ ನಮ್ಮ ರಾಜ್ಯದ ಕಾವಲುಗಾರರೆಲ್ಲ ಹಸಿದೇ ಇರುತ್ತಾರೆ. ನಾನಂತೂ ಭಾನುವಾರ ಮನೆಯಲ್ಲಿ ಉಣ್ಣುವುದನ್ನೇ ಬಿಟ್ಟೆ.

೨. ಮಾತಾಡಿಸಲು ಹೋದದ್ದು

ನನ್ನಲ್ಲಿ ಒಂದು ದೊಡ್ಡ ದೋಷವಿದೆ: ಮರೆವು. ಸೇತುವೆಯ ಮೇಲೆ ಒಬ್ಬ ಕುಂಟ ಸಿಪಾಯಿಯನ್ನು ಗಿರಣಿಯವನು ಕೊಂದಿದ್ದ. ಎರಡು ವಾರದ ಮೇಲೆ ನಾನು ಅದೇ ಕುಂಟ ಸಿಪಾಯಿಯನ್ನು ಸಂತೆಯಲ್ಲಿ ತಂದು ನಿಲ್ಲಿಸಿದೆ.

"ಲೇ, ಇವನ್ನ ನಾನು ಕೊಂದೀನಿ!"

"ಇವ ಅವನ ತಮ್ಮ," ಎಂದೆ.

ಗಿರಣಿಯವನು ತಮ್ಮನನ್ನೂ ಕೊಂದ. ನಾನು ಮತ್ತೆ ಮರೆತೆ. ಎರಡನೆಯ ತಮ್ಮನೂ ಸತ್ತಾಗ ಟೀಚರ್ ಪೆನ್ಸಿಲ್ ಕೆಳಗಿಟ್ಟರು. "ಒಂದು ತಾಯಿ ಹೊಟ್ಟಿಯಾಗಿನ ಮೂರು ಮಕ್ಕಳು ಹೋದ್ವು. ಒಂದ್ಸಲನಾದ್ರೂ ಹೋಗಿ ಮಾತಾಡಿಸಿಕೊಂಡು ಬಂದೀವೇನು?"

ನಮ್ಮ ಕಡೆ ಸಾವಿನ ಮನೆಗೆ ಹೋಗಿ ಮಾತಾಡಿಸದಿದ್ದರೆ ಅದನ್ನು ಮೂರು ತಲೆಮಾರು ನೆನಪಿಡುತ್ತಾರೆ. ಆದರೂ ಗಿರಣಿಯವನು ಹಿಂದೆ ಸರಿದ. "ಕೊಂದಾವ ನಾನ. ನಾನ ಹೋಗಿ ಹೆಂಗ ಮಾತಾಡಿಸ್ಲಿ?"

"ಕೊಂದಾವ ಹೋಗಲಿಲ್ಲಂದ್ರ ಇನ್ನೂ ಕೆಟ್ಟ ಕಾಣ್ತತಿ."

ಆ ದಿನಕ್ಕೆಂದು ತಯಾರು ಮಾಡಿದ್ದ ಬೆಂಕಿ ಉಗುಳುವ ಪ್ರಾಣಿಯನ್ನು ಗವಿಯಲ್ಲೇ ಬಿಟ್ಟು ನಾನು ಆ ತಾಯಿಯಾದೆ. ತಲೆಯ ಮೇಲೆ ಗಾಜು ಒರೆಸುವ ಬಟ್ಟೆ ಹೊದ್ದುಕೊಂಡೆ. ಗಿರಣಿಯವನು ಚಪ್ಪಲಿ ಬಿಟ್ಟು ಅಂಗಡಿಯ ನೆಲದ ಮೇಲೆ ಕೂತ. "ಏನ್ ಮಾಡೋದಬೇ, ಹಣೆಬರ," ಎಂದ.

"ಹೆಂಗ ಸತ್ತನಪಾ ನನ್ನ ಮಗ? ನೀನೇನಾರ ಕಂಡಿ?" ಎಂದೆ ನಾನು.

ಅವನು ಹಣೆಯ ಬೆವರು ಒರೆಸಿಕೊಂಡ. "ನಾನೂ ಅಲ್ಲೇ… ಹತ್ತರದಾಗ ಇದ್ದೆ."

"ಇನ್ನೊಬ್ಬ ಉಳಿದಾನ. ಅವನಿಗೆ ಒಂದು ಕೆಲಸ ನೋಡಪ್ಪಾ, ನಿನಗ ಕೈ ಮುಗಿತೀನಿ."

"ನನ್ನ ಗಿರಣಿಗೆ ಕಳಸಬೇ," ಎಂದುಬಿಟ್ಟ.

ಸೋಮವಾರ ಬೆಳಿಗ್ಗೆ ಅವನ ಫೋನು ಬಂತು. ಗಿರಣಿಯ ಲೆಕ್ಕ ಬರೆಯುವ ರೈಟರಿಗೆ "ಹೊಸಬ ಒಬ್ಬ ಬರ್ತಾನ, ಸ್ವಲ್ಪ ಕುಂಟ್ತಾನ, ಭಾರ ಹೊರಿಸಬ್ಯಾಡ್ರಿ" ಎಂದು ಹೇಳಿದ ಮೇಲೆ ಅವನಿಗೆ ಜ್ಞಾನೋದಯವಾಗಿತ್ತಂತೆ. ಪೂರಾ ಐದು ನಿಮಿಷ ತೆಲುಗಿನಲ್ಲಿ ಬೈದ.

೩. "ನೀನು ಆರಾಮ ಕುಂದ್ರು"

ಇದಾದ ಸ್ವಲ್ಪ ದಿನಕ್ಕೇ ಅವನು ಒಂದು ಕಂಪ್ಯೂಟರ್ ಕೊಂಡ. ಬಾಗಿಲಿನಷ್ಟು ಅಗಲದ ಪರದೆ, ಹೊಟ್ಟೆಯಲ್ಲಿ ಕೆಂಪು ನೀಲಿ ದೀಪ. ಅದರೊಳಗೆ ನಮ್ಮದೇ ಥರದ ಆಟ: ವೀರ, ಕೋಟೆ, ಕಾವಲು, ರಾಜ.

"ಇದ್ರಾಗ ಸತ್ತಾವ ಸತ್ತಂಗೇ ನೋಡು. ತಮ್ಮ ಗಿಮ್ಮ ಬರಂಗಿಲ್ಲ," ಎಂದ. "ಮತ್ತ ಕಾಡು ನೋಡಲೇ, ಒಂದೊಂದು ಎಲಿ ಕಾಣ್ತತಿ."

ಅದು ನಿಜ. ನನ್ನ ಹಲಗೆಯ ಮೇಲಿನ ಕಾಡು ನೋಡಿ ಅವನು ಒಮ್ಮೆ "ಇಷ್ಟ್ಯಾಕ ಕಸಬರಿಗಿ ಬರದಿ?" ಎಂದು ಕೇಳಿದ್ದ.

"ಮುಂದಿನ ಭಾನುವಾರದಿಂದ ಎಲ್ಲಾರೂ ಸಿರುಗುಪ್ಪಕ್ಕ ಬರ್ರಿ. ನೀನೂ ಬಾ. ಬಾಯಿ ನೋಯಿಸಿಕೊಳ್ಳೋದು ಬ್ಯಾಡ, ನೀನು ಆರಾಮ ಕುಂದ್ರು."

ಅವನು ಪ್ರೀತಿಯಿಂದಲೇ ಹೇಳಿದ್ದು. ನನಗೆ ಮಾತ್ರ ಎದೆಗೆ ಒದ್ದಂತಾಯಿತು. ಹೊಟ್ಟೆಕಿಚ್ಚು ಇತ್ತು, ಸುಳ್ಳು ಯಾಕೆ ಹೇಳಲಿ. ಅದಕ್ಕಿಂತ ಹೆಚ್ಚಾಗಿ ಹೆದರಿಕೆ ಇತ್ತು. ಭಾನುವಾರವೂ ಹೋದರೆ ನನಗೆ ಉಳಿಯುವುದು ಇದೋ, ಅದೋ, ಎರಡೇ ಮಾತು.

ಟೀಚರ್ ನನ್ನ ಮುಖ ನೋಡಿದರೇನೋ. "ಒಂದು ತಿಂಗಳು ಅಲ್ಲಿ ಆಡೋಣ್ರಿ. ಆಮ್ಯಾಲೆ ಎಲ್ಲಿ ಕುಂದ್ರೋದಂತ ನಿರ್ಧಾರ ಮಾಡೋಣ," ಎಂದರು. ಎಲ್ಲರೂ ಒಪ್ಪಿದರು.

ದಾಳಗಳನ್ನು ಮುರಿದ ಕನ್ನಡಕಗಳ ಡ್ರಾಯರಿಗೆ ಹಾಕಿ ಮನೆಗೆ ಹೋದೆ. ಸಮಾಧಾನ ಬಯಸಿ ಹೆಂಡತಿಗೆ, "ಒಂದು ತಿಂಗಳಾದ ಮ್ಯಾಲೆ ನಾನು ಭಾನುವಾರ ಮನ್ಯಾಗ ಇರಬಹುದು," ಎಂದೆ.

ಅವಳು ಬೇಳೆ ಆರಿಸುವುದನ್ನು ನಿಲ್ಲಿಸಿದಳು. "ಅಯ್ಯ, ನಾನೇನ್ ತಪ್ಪು ಮಾಡೀನ್ರಿ?"

೪. ಜೇಬಿಲ್ಲದ ವೀರ

ಮೊದಲ ಭಾನುವಾರ ನಾನೂ ಜೀನ್ಸ್ ಮಾಸ್ತರೂ ಒಂದೇ ಬಸ್ಸಿನಲ್ಲಿ ಹೋದೆವು. ಸಿರಿಗೇರಿ ಕ್ರಾಸ್ ದಾಟುವವರೆಗೂ ನಾನು ಕಿಟಕಿಯ ಹೊರಗೇ ನೋಡುತ್ತಿದ್ದೆ. ಅವರು ಸುಮ್ಮನೆ ನನ್ನ ತೊಡೆ ತಟ್ಟಿದರು.

ಟೀಚರ್ ಆಗಲೇ ಬಂದು ಕೂತಿದ್ದರು. ಪರದೆಯ ಮೇಲೆ ವೀರ ಎದೆಯುಬ್ಬಿಸಿ ನಿಂತಿದ್ದ. ಜೀನ್ಸ್ ಮಾಸ್ತರ್ ಕನ್ನಡಕ ಏರಿಸಿಕೊಂಡು ಹತ್ತಿರ ಹೋಗಿ ಅವನ ಸೊಂಟದ ಕೆಳಗೇ ನೋಡತೊಡಗಿದರು.

"ಭಾಯ್, ಈ ಪ್ಯಾಂಟಿಗೆ ಜೇಬು ಎಲ್ಲೈತಿ?"

"ಜೇಬು ಯಾಕ ಬೇಕು ಮಾಸ್ತರ?"

"ಹದಿನಾರು ಕತ್ತಿ, ನಾಕು ಗುರಾಣಿ, ಒಂದು ಏಣಿ ಐತಂತ ಇಲ್ಲಿ ಪಟ್ಟಿ ಬರದಾರ. ಎಲ್ಲಿಟ್ಟಾನ?"

ಗಿರಣಿಯವನು ವೀರನನ್ನು ಒಂದು ಮನೆಯೊಳಗೆ ನುಗ್ಗಿಸಿದ. ಮೂಲೆಯಲ್ಲಿದ್ದ ಪೆಟ್ಟಿಗೆ ತೆಗೆದು ಒಂದು ಜೊತೆ ಬೂಟು, ಎರಡು ಬ್ರೆಡ್ಡು, ಒಂದು ಕಂಬಳಿ ಎತ್ತಿಕೊಂಡ. ಆ ಮನೆಯ ಹೆಂಗಸು ಅಲ್ಲೇ ನಿಂತು, ಇವತ್ತು ಬಿಸಿಲು ಚೆನ್ನಾಗಿದೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು.

ಟೀಚರ್ ಕುರ್ಚಿಯಿಂದ ಎದ್ದೇಬಿಟ್ಟರು. "ಮಂದಿ ಮನ್ಯಾಗ ಬಂದು ಪೆಟ್ಟಿಗಿ ತೆಗಿತೀರಲ್ರಿ! ಆಕಿ ನಿಂತು ನೋಡಾಕತ್ಯಾಳ!"

"ಆಟದಾಗ ಹಂಗೇ ಟೀಚರ್. ಆಕಿ ಏನೂ ಅನ್ನಂಗಿಲ್ಲ."

"ಆಕಿ ಅನ್ನದಿದ್ರ ನಮಗ ಗೊತ್ತಾಗಬಾರದೇನು? ವಾಪಸ್ ಇಡ್ರಿ."

ವಾಪಸ್ ಇಡುವ ಗುಂಡಿ ಯಾವುದೆಂದು ಗಿರಣಿಯವನು ಹುಡುಕಿದ, ಸಿಗಲಿಲ್ಲ. ತಪ್ಪಾಯಿತು ಎನ್ನುವ ಗುಂಡಿಯೂ ಇರಲಿಲ್ಲ. ಟೀಚರ್ ಕೂರಲು ಒಪ್ಪಲಿಲ್ಲ. ಕೊನೆಗೆ ಅವನೇ ಎದ್ದು ನಿಂತು ಪರದೆಗೆ ಕೈ ಮುಗಿದು, "ತಪ್ಪಾತಬೇ, ಮನಸ್ಸಿಗೆ ಹಚ್ಕಬ್ಯಾಡ," ಎಂದ.

ಇವತ್ತು ಬಿಸಿಲು ಚೆನ್ನಾಗಿದೆ ಎಂದಳು ಅವಳು.

"ದಿಲ್ ದೊಡ್ಡದೈತಿ ಆಕಿದು," ಎಂದರು ಜೀನ್ಸ್ ಮಾಸ್ತರ್.

೫. ರಾರಾವಿಯ ಬೀಗರು

ತಿಂಗಳ ಕೊನೆಯ ಭಾನುವಾರ ಬಂತು. ಗಿರಣಿಯವನ ಮುಖ ಬಾಡಿತ್ತು. ಅವನ ವೀರ ಕೋಟೆಯ ಬಾಗಿಲ ಮುಂದೆ ಬಂದು ಒಂದು ವಾರವಾಗಿತ್ತಂತೆ. ಅಲ್ಲಿ ಒಬ್ಬ ಕಾವಲಿನವನು. ಅವನ ಕೆಳಗೆ ಮೂರು ಗುಂಡಿ: ಹೊಡಿ, ಲಂಚ ಕೊಡು, ಹಿಂದಕ್ಕೆ ಹೋಗು. ಹೊಡೆದರೆ ವೀರ ಸಾಯುತ್ತಾನೆ. ಲಂಚಕ್ಕೆ ಹಣ ಸಾಲದು. ಹಿಂದಕ್ಕೆ ಹೋಗಲು ಗಿರಣಿಯವನ ಮನಸ್ಸು ಒಪ್ಪದು.

"ಊಟ ಆತೇನಂತ ಕೇಳ್ರಿ," ಎಂದರು ಟೀಚರ್.

"ಅದಕ್ಕ ಗುಂಡಿ ಇಲ್ರಿ," ಎಂದ. ದನಿಯಲ್ಲಿ ಸೋಲು ಕಾಣುತ್ತಿತ್ತು. ನನಗೆ ಆರಾಮ ಕುಂದ್ರು ಎಂದಿದ್ದನಲ್ಲ, ಕೂತಿದ್ದೆ.

ಆಗ ಅವನ ಅವ್ವ ಮಂಡಕ್ಕಿ ಒಗ್ಗರಣೆ, ಮಿರ್ಚಿಯ ತಾಟು ಹಿಡಿದು ಬಂದಳು. ನಮ್ಮ ನಾಲ್ವರಿಗೂ ಕೊಟ್ಟು, ಪರದೆಯ ಕಡೆ ಬೆರಳು ಮಾಡಿದಳು. "ಇವ ಯಾರು? ವಾರದಿಂದ ನೋಡ್ತೀನಿ, ನಿಂತೇ ಅದಾನ."

"ಕಾವಲಿನವ ಅವ್ವ. ಇದು ಆಟ."

"ಆಟ ಅಂತ ನನಗೂ ಗೊತ್ತೈತಿ. ಆದ್ರೂ ಬಾಗಿಲಾಗ ನಿಂತಾವನ್ನ ಮಾತಾಡಿಸದ ಹೆಂಗಿರ್ತೀರಿ? ಉಂಡಾನೇನು?"

ಗಿರಣಿಯವನು ಪರದೆ ನೋಡಿದ, ಅವ್ವನನ್ನು ನೋಡಿದ. ಆಮೇಲೆ ನಿಧಾನಕ್ಕೆ ನನ್ನ ಕಡೆ ತಿರುಗಿದ. "ಲೇ ಕನ್ನಡಕ," ಎಂದ ಸಣ್ಣ ದನಿಯಲ್ಲಿ, "ಉಂಡಾನೇನಲೇ?"

ಆ ಒಂದು ಪ್ರಶ್ನೆಗಾಗಿ ನಾನು ತಿಂಗಳಿಂದ ಕಾದಿದ್ದೆ. ಕಾವಲಿನವನ ದನಿ ತೆಗೆದೆ. "ಇನ್ನೂ ಇಲ್ಲಬೇ. ಬದಲಿ ಬರಾವ ಬಂದಿಲ್ಲ."

ಅವ್ವ ಇನ್ನೊಂದು ತಾಟು ತಂದು ನನ್ನ ಮುಂದಿಟ್ಟು ಎದುರಿಗೇ ಕೂತಳು. "ಯಾವ ಊರಪಾ ನಿಂದು?"

"ರಾರಾವಿಬೇ."

"ರಾರಾವಿಯಾಗ ಯಾರ ಪೈಕಿ?"

ನಾನು ತೋಚಿದ್ದು ಹೇಳುತ್ತಾ ಹೋದೆ. ಹೊಳೆದಂಡೆಯ ಮನೆ, ಭತ್ತದ ಗದ್ದೆ, ಅಡವಿಸ್ವಾಮಿ ಅಂತ ಒಬ್ಬ ಮಾವ. ಅವ್ವ ಬೆರಳು ಮಡಚುತ್ತಾ ಹೋದಳು. ಮೂರನೇ ಬೆರಳಿಗೆ ಕಾವಲಿನವನ ಸೋದರತ್ತೆ ಅವ್ವನ ತವರಿಗೇ ಸೊಸೆಯಾಗಿ ಬಂದದ್ದು ಗೊತ್ತಾಯಿತು.

"ಹಂಗಂದ್ರ ನೀನು ನಮಗ ಬೀಗ ಆದ್ಯಲ್ಲಪಾ! ಬೀಗರನ್ನ ಬಾಗಿಲಾಗ ನಿಲ್ಲಿಸ್ತಾರೇನು?"

"ನಿಲ್ಲಿಸಂಗಿಲ್ಲಬೇ," ಎಂದು ಕಾವಲಿನವನು ಭರ್ಜಿ ಗೋಡೆಗೆ ಒರಗಿಸಿ ಬಾಗಿಲು ತೆರೆದ.

ಆಮೇಲೆ ಯಾರು ಕೂತರು, ಯಾರು ನಿಂತರು ಒಂದೂ ನೆನಪಿಲ್ಲ. ಗಿರಣಿಯವನು ಸೌಟು ಹಿಡಿದು ಸಿಂಹಾಸನದವರೆಗೆ ನುಗ್ಗಿದ. ಜೀನ್ಸ್ ಮಾಸ್ತರ್ ಬೀಗದ ಕೈ ಕದ್ದು, ನೋಡಿದವರಿಗೆಲ್ಲ ಕ್ಷಮೆ ಕೇಳಿದರು. ಟೀಚರ್ ರಾಜನಿಗೇ ಮಗ್ಗಿ ಕೇಳಿ ಅವನನ್ನು ಅಳಿಸಿದರು. ದಾಳ ಇರಲಿಲ್ಲ, ಅವ್ವ ಚೌಕಾಬಾರದ ಕವಡೆ ತಂದುಕೊಟ್ಟಳು. ಸೆಕೆಗೆ ಎಲ್ಲರೂ ಕಂಪ್ಯೂಟರಿನ ರಟ್ಟಿನ ಡಬ್ಬಿ ಹರಿದು ಬೀಸಿಕೊಳ್ಳುತ್ತಿದ್ದೆವು. ಅವ್ವ "ಕರೆಂಟ್ ಹೋಗಿ ಎರಡು ತಾಸಾತಲ್ಲ" ಎಂದಾಗಲೇ ನಮಗೆ ಗೊತ್ತಾದದ್ದು, ಅಷ್ಟು ಹೊತ್ತೂ ಪರದೆ ಕರ್ರಗಿತ್ತು.

ಕೋಟೆ ಗೆದ್ದು, ಕಾವಲಿನವನಿಗೆ ಆ ಕೋಟೆಯನ್ನೇ ಕೊಟ್ಟು ಏಳುವ ಹೊತ್ತಿಗೆ ಕರೆಂಟು ಬಂತು. ಕೆಂಪು ನೀಲಿ ದೀಪ ಹತ್ತಿದವು. ಗಿರಣಿಯವನು ಅಭ್ಯಾಸದಂತೆ ಆಟ ತೆರೆದ. ಅದೇ ಬಾಗಿಲು, ಅದೇ ಮನುಷ್ಯ. ಭರ್ಜಿ ಎತ್ತಿ ಇಂಗ್ಲಿಷಿನಲ್ಲಿ ಗುಡುಗಿದ: ನಿಲ್ಲು! ಯಾರು ನೀನು?

ಗಿರಣಿಯವನ ಮುಖ ಕೆಂಪಾಯಿತು. "ಏಮಯ್ಯಾ! ನಮ್ಮ ಮನ್ಯಾಗ ಉಂಡು, ನಮ್ಮವ್ವನ ಕಡೆ ಬೀಗ ಅನಿಸ್ಕಂಡು, ಈಗ ಯಾರು ನೀನು ಅಂತೀಯೇನಲೇ?" ಎಂದು ವೈರನ್ನೇ ಕಿತ್ತ. ಎಲ್ಲಿ ಕೂರಬೇಕೆಂಬ ನಿರ್ಧಾರವೂ ಅಲ್ಲಿಗೆ ಮುಗಿಯಿತು.

ಮುಂದಿನ ಭಾನುವಾರ ಡ್ರಾಯರಿನಿಂದ ದಾಳ ತೆಗೆದು ಒರೆಸುತ್ತಾ ಕೂತಿದ್ದೆ. ಅರ್ಧ ಇಳಿದ ಷಟರಿನ ಕೆಳಗೆ ಬಗ್ಗಿ ಮೊದಲು ಬಂದವನು ಗಿರಣಿಯವನೇ. ಕೈಯಲ್ಲಿ ನಾಲ್ಕು ಅಂತಸ್ತಿನ ಊಟದ ಕ್ಯಾರಿಯರ್. ನಾನು ಖುಷಿಯಿಂದ ಕೈ ಚಾಚಿದೆ. ಅವನು ಹಿಂದಕ್ಕೆಳೆದುಕೊಂಡ.

"ನಿನಗಲ್ಲಲೇ. ಅವ್ವ ರಾರಾವಿ ಬೀಗರಿಗೆ ಕೊಟ್ಟು ಕಳಿಸ್ಯಾಳ. ಮೊದಲು ಅವನ್ನ ಕರಿ."