ಹಣೆಯ ಮೇಲಿನ ಟಿಕ್ ಟಿಕ್

ಹೆದರಬೇಕಾದರೆ ಎದುರಿಗೆ ಏನಾದರೂ ಕಾಣಿಸಬೇಕು ಎಂಬುದು ನನ್ನ ಬಹುಕಾಲದ ನಂಬಿಕೆಯಾಗಿತ್ತು. ಚೇಳು ಕಂಡರೆ ಹೆದರಿದ್ದೇನೆ, ಸಿದ್ಧೇಶ್ವರ ಗುಡಿಯ ಹತ್ತಿರ ಮಿಠಾಯಿ ಅಂಗಡಿ ಕಾಯುತ್ತಿದ್ದ ಕರಿನಾಯಿ ಕಂಡರೆ ಹೆದರಿದ್ದೇನೆ, ನಮ್ಮ ಕಾಕಾ ಕನ್ನಡಕ ತೆಗೆದು ಕೈಯಲ್ಲಿ ಹಿಡಿದರೆ ಓಡಿಯೇ ಹೋಗಿದ್ದೇನೆ. ಕಾಣದ್ದಕ್ಕೆ ಹೆದರುವುದು ಮಾತ್ರ ಓದದವರ ಕೆಲಸ ಎಂದು, ಭೌತಶಾಸ್ತ್ರ ಓದಿದ ಜಂಬದಲ್ಲಿ ತಿಳಿದಿದ್ದೆ. ಆ ಜಂಬ ಇಳಿದದ್ದು ಮಹಾಯುದ್ಧ ಮುಗಿದು ಕೆಲವು ವರ್ಷಗಳಾದ ಮೇಲೆ, ಒಂದು ಬೇಸಿಗೆಯಲ್ಲಿ, ವಿಜಾಪುರದ ಒಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ.

ನಾನು ಅಲ್ಲಿ ಹಂಗಾಮಿ ಡೆಮಾನ್‌ಸ್ಟ್ರೇಟರ್. ಟಿಕೋಟದ ಗೌಡರೊಬ್ಬರು ನನಗೆ ಮಗಳನ್ನು ಕೊಡುವ ಮನಸ್ಸು ಮಾಡಿ, "ಹುಡುಗ ಕಾಯಂ ಆಗಲಿ, ಮುಂದ ಮಾತಾಡೂಣು" ಎಂದು ಮಾತನ್ನು ಅರ್ಧಕ್ಕೆ ನಿಲ್ಲಿಸಿದ್ದರು. ಹುಡುಗಿಯನ್ನು ನಾನು ಒಮ್ಮೆ ನೋಡಿದ್ದೆ. ಅವಲಕ್ಕಿಯ ತಾಟು ಇಡುವಾಗ ಅವಳು ನಗು ತಡೆದುಕೊಂಡದ್ದನ್ನೂ ನೋಡಿದ್ದೆ. ಅಂದಿನಿಂದ ಕಾಯಂ ಆಗುವುದರ ಹೊರತು ನನಗೆ ಬೇರೆ ಯೋಚನೆಯೇ ಇರಲಿಲ್ಲ. ಅಷ್ಟರಲ್ಲಿ ವಿಶ್ವವಿದ್ಯಾಲಯದವರು ನಮ್ಮ ಪ್ರಯೋಗಶಾಲೆಗೆ ಒಂದು ಗೈಗರ್ ಯಂತ್ರವನ್ನೂ, ಸೀಸದ ಡಬ್ಬಿಯಲ್ಲಿ ಒಂದು ಚೂರು ರೇಡಿಯಮ್ಮನ್ನೂ ಕಳಿಸಿದರು. ವಿಕಿರಣ ತಾಗಿದರೆ ಆ ಯಂತ್ರ ಟಿಕ್ ಎನ್ನುತ್ತದೆ, ಹೆಚ್ಚು ತಾಗಿದರೆ ಹೆಚ್ಚು ಟಿಕ್. ಅದನ್ನು ಅಪಾಯವಿಲ್ಲದೆ ಅಳೆಯುವುದನ್ನು ನಾನು ಕಲಿಯಬೇಕು, ಅಧಿಕಾರಿಗಳು ಬಂದಾಗ ಮಾಡಿ ತೋರಿಸಬೇಕು, ತೋರಿಸಿದರೆ ನೌಕರಿ ಕಾಯಂ.

ಕಲಿಸಿದವರು ನಮ್ಮ ಪ್ರೊಫೆಸರರು, ಬಬಲೇಶ್ವರದವರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಭೌತಶಾಸ್ತ್ರ. "ನೋಡ್ರಿ, ಇದರದು ಮೂರ ಮಾತು. ದೂರ ನಿಂದರ್ರಿ, ಲಗೂ ಮುಗಸ್ರಿ, ನಡುವ ಸೀಸ ಇಡ್ರಿ. ಚಿಮಟಾ ಬಿಟ್ಟು ಕೈಲೆ ಮುಟ್ಟಿದ್ರ ಬೊಟ್ಟ ಉಳಿಯೂದಿಲ್ಲ" ಎಂದರು. ಇವೇ ಮೂರು ನಿಯಮಗಳಿಂದ ನಾನು ಬುದ್ಧಿ ಬಂದಾಗಿನಿಂದ ಕಾಕಾನನ್ನು ನಿಭಾಯಿಸಿಕೊಂಡು ಬಂದಿದ್ದೆ. ಸೀಸದ ಜಾಗದಲ್ಲಿ ಅವ್ವ ನಿಲ್ಲುತ್ತಿದ್ದಳು, ಅಷ್ಟೇ ವ್ಯತ್ಯಾಸ. ಹೀಗಾಗಿ ಧೈರ್ಯದಿಂದಲೇ ಶುರುಮಾಡಿದೆ. ರೇಡಿಯಂ ಹೊರಗೆ ತೆಗೆಯುವ ಮೊದಲು, ಡಬ್ಬಿ ದೂರವಿಟ್ಟು, ಬರಿ ಕೋಣೆಯಲ್ಲಿ ಸಹಜವಾಗಿ ಕೇಳುವ ಟಿಕ್ಕುಗಳನ್ನು ಎಣಿಸಬೇಕು. ಪ್ರೊಫೆಸರರು ಕೂತರೆ ಯಂತ್ರ ಆಗೊಮ್ಮೆ ಈಗೊಮ್ಮೆ ತೂಕಡಿಸಿದಂತೆ ಟಿಕ್ ಎನ್ನುತ್ತಿತ್ತು. ಅವರು ಪಾಠಕ್ಕೆ ಹೋದ ಮೇಲೆ ನಾನು ಬಗ್ಗಿ ಎಣಿಸಲು ಕೂತರೆ ಒಂದೇ ಸಮನೆ ಟಿಕ್ ಟಿಕ್ ಟಿಕ್. ರೇಡಿಯಂ ನನಗೇ ತಾಗಿದೆ ಎಂದುಕೊಂಡು ಯಂತ್ರ ಆರಿಸಿಬಿಟ್ಟೆ.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಪರಮಾಣು ಎಂದರೇನೆಂದು ಅವಳಿಗೆ ತಿಳಿಯಲಿಲ್ಲ, ಆದರೆ ಕಣ್ಣಿಗೆ ಕಾಣದೆ ಬಂದು ಮೈಗೆ ತಾಗುತ್ತದೆ ಎಂಬುದು ಚೆನ್ನಾಗಿ ತಿಳಿಯಿತು. "ಅಂದ್ರ ದೃಷ್ಟಿ ಇದ್ದಂಗ ಅನ್ನು" ಎಂದು, ದಿನಾ ನನ್ನ ಹಣೆಗೆ ತೆಳ್ಳಗೆ ಹಚ್ಚುತ್ತಿದ್ದ ವಿಭೂತಿಯನ್ನು ಮರುದಿನದಿಂದ ದಪ್ಪಗೆ ಮೂರು ಗೆರೆಯಾಗಿ ಎಳೆದಳು. ವಿಜ್ಞಾನಿಯಾದ ನಾನು ಒಪ್ಪಬಾರದಿತ್ತು. ಹೆದರಿದ್ದೆ, ಒಪ್ಪಿದೆ. ಅಂದು ಯಂತ್ರ ಇನ್ನೂ ಜೋರಾಗಿ ಕೂಗಿತು. ಅವ್ವ ತೋಳಿಗೂ ಹಚ್ಚಿದಳು. ಯಂತ್ರ ಮತ್ತಷ್ಟು ಕೂಗಿತು. ಕೊನೆಗೆ ಒಂದು ವಿಭೂತಿ ಗಟ್ಟಿಯನ್ನೇ ಕೋಟಿನ ಒಳಗಿಸೆಯಲ್ಲಿಟ್ಟು ಕಳಿಸಿದಳು. ಆ ದಿನದ ಸದ್ದಿಗೆ ಪ್ರೊಫೆಸರರೇ ಪಾಠ ಬಿಟ್ಟು ಬಂದರು. ಬಾಗಿಲಲ್ಲೇ ನಿಂತು, "ಏನ ಮಾಡಿಟ್ರಿ? ರೇಡಿಯಂ ಚೆಲ್ಲೀರೇನು? ಹಿಂಗಾದ್ರ ಕಾಯಂ ಮಾತ ಬಿಡ್ರಿ, ಇದ್ದದ್ದೂ ಹೋಗ್ತದ" ಎಂದರು. ನನ್ನ ಕಣ್ಣ ಮುಂದೆ ಅವಲಕ್ಕಿಯ ತಾಟು ಬಂದು ಹೋಯಿತು.

ಅವರು ಯಂತ್ರದ ನಳಿಗೆಯನ್ನು ಹಿಡಿದು ಹುಡುಕತೊಡಗಿದರು. ಡಬ್ಬಿ ಭದ್ರವಾಗಿತ್ತು. ಮೇಜು ಸುಮ್ಮನಿತ್ತು. ನನ್ನ ಕೈಬೆರಳುಗಳೂ ಸುಮ್ಮನಿದ್ದವು. ಕಿಸೆಗೆ ಬಂದಾಗ ಯಂತ್ರ ಪುಟಾಣಿ ಕಡಲೆ ಹುರಿದಂತೆ ಸಿಡಿಯಿತು. "ತಲಿ ಬಗ್ಗಸ್ರಿ" ಎಂದರು. ಹಣೆಯ ಹತ್ತಿರವೂ ಅದೇ ಕಥೆ. ವಿಕಿರಣ ಮೆದುಳಿಗೇ ಇಳಿದಿದೆ ಎಂದುಕೊಂಡು ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. ಪ್ರೊಫೆಸರರು ನಳಿಗೆಯನ್ನು ತಮ್ಮ ಹಣೆಗೆ ಹಿಡಿದುಕೊಂಡರು. ಯಂತ್ರ ತೆಪ್ಪಗಾಯಿತು. "ನನ್ನ ವಿಭೂತಿ ಊರಾಗ ಮಾಡಿದ್ದು. ನಿಮ್ಮದು ಎಲ್ಲಿದು?" ಎಂದು ಕೇಳಿ, ನನ್ನನ್ನು ಕರೆದುಕೊಂಡು ಜೋರಾಪುರ ಪೇಟೆಯ ನಮ್ಮ ಮನೆಗೇ ಬಂದರು.

ಅವ್ವ ಏನೂ ಮುಚ್ಚಿಡಲಿಲ್ಲ. ಕಾಕಾ ಮದುವೆಗಳಿಗೆ ಗ್ಯಾಸಬತ್ತಿ ಬಾಡಿಗೆಗೆ ಕೊಡುವವನು. ದೀಪದೊಳಗೆ ಬೆಳಗುವ ಮ್ಯಾಂಟಲ್ ಎಂಬ ಬಲೆಯಂಥ ಚೀಲ ಒಡೆದರೆ ಬೆಳ್ಳನೆ ಪುಡಿಯಾಗಿ ಉದುರುತ್ತದೆ, ಅವ್ವ ಅದನ್ನೇ ಕೂಡಿಸಿಟ್ಟು ಗಟ್ಟಿ ಕಟ್ಟುತ್ತಿದ್ದಳು. "ಖರೇ ವಿಭೂತಿ ಯಾವಾಗೋ ತೀರೇತ್ರಿ. ಈ ಬೂದಿ ನೋಡ್ರಿ, ಎಷ್ಟ ನುಣುಪ ಐತಿ. ಎಷ್ಟ ಮದವಿ ಬೆಳಗೇತಿ. ಬೆಂಕ್ಯಾಗ ಬೆಂದದ್ದಕ್ಕ ಮೈಲಿಗಿ ಎಲ್ಲೀದ್ರಿ?" ಎಂದಳು. ಪ್ರೊಫೆಸರರು ಬಹಳ ಮೆತ್ತಗೆ, "ಯವ್ವಾ, ಅದರಾಗ ಥೋರಿಯಂ ಇರ್ತದ. ಅದೂ ವಿಕಿರಣ ಬಿಡ್ತದ" ಎಂದರು. "ಇರಲಿ ತಗೋರಿ, ಸೋಸೀನೇ ಮಾಡೇನಿ" ಎಂದು ಅವ್ವ ಚಹಾ ತರಲು ಒಳಗೆ ಹೋದಳು. ನಾನು ಮಾತ್ರ ಬಾವಿಕಟ್ಟೆಗೆ ಓಡಿ, ಹಣೆಯ ಚರ್ಮ ಕೆಂಪಾಗುವವರೆಗೆ ತಿಕ್ಕಿ ತೊಳೆದೆ. ಸಂಜೆ ಅವ್ವ ಗುಡಿಯ ಹತ್ತಿರದಿಂದ ಒಳ್ಳೆಯ ವಿಭೂತಿ ತಂದರೂ ಮುಟ್ಟಲಿಲ್ಲ. ಯಂತ್ರಕ್ಕೆ ತೋರಿಸದೆ ಹಚ್ಚುವುದಿಲ್ಲ ಎಂದು ಹಟ ಹಿಡಿದೆ.

ಮರುದಿನವೇ ಅಧಿಕಾರಿಗಳು ಬಂದರು, ಎಲ್ಲ ಸುಸೂತ್ರವಾಯಿತು. ದೂರ ನಿಂತೆ, ಬೇಗ ಮುಗಿಸಿದೆ, ನಡುವೆ ಸೀಸ ಇಟ್ಟೆ. ಕಾಯಂ ಮಾಡಲು ಬರೆಯುತ್ತೇನೆಂದು ಅವರು ನನ್ನೆದುರೇ ಹೇಳಿದರು. ಹಿಗ್ಗಿನಿಂದ ಹೊರಗೆ ಬಂದರೆ ಪಡಸಾಲೆಯಲ್ಲಿ ಟಿಕೋಟದ ಗೌಡರು. ನೌಕರಿಯ ಸುದ್ದಿ ತಿಳಿಯಲು ತಾವೇ ಬಂದಿದ್ದರು. ಸುದ್ದಿ ಕೇಳುವ ಮೊದಲು ನನ್ನ ಮುಖ ನೋಡಿ, "ಹಣಿ ಯಾಕ ಬೋಳ ಐತಿ?" ಎಂದರು. ಹೊಸದಾಗಿ ಕಲಿತವನ ಹುಮ್ಮಸ್ಸಿನಲ್ಲಿ ನಾನು, "ಅಳೀಲಾರದ ನಾನು ವಿಭೂತಿ ಹಚ್ಚೂದಿಲ್ರಿ" ಎಂದೆ. ಗೌಡರು, "ನನ್ನ ಮಗಳು ಬಡಿದ ರೊಟ್ಟೀನೂ ಅಳದ ತಿಂತೀರೇನು?" ಎಂದು ಕೇಳಿದರು. ವಿಜ್ಞಾನಿ ಸುಳ್ಳು ಹೇಳಬಾರದು. "ಅನುಮಾನ ಬಂದ್ರ ಅಳೀಬೇಕಾಗ್ತದ್ರಿ" ಎಂದೆ. ಅವರು ಮೆಟ್ಟಿಲಿಳಿದು ಹೋದರು. ಆ ಮದುವೆಯ ಮಾತು ಅಲ್ಲಿಗೇ ಮುಗಿಯಿತು.

ಅಂದು ಸಂಜೆ ಅವ್ವ ನನ್ನ ಕಥೆಯನ್ನೆಲ್ಲ ಕೇಳಿ ಹಣೆ ಹಣೆ ಬಡಿದುಕೊಂಡಳು. "ಬೆವರಿಗೆ ಒರಸಿ ಹೋತ್ರಿ ಅಂದಿದ್ರ ಮುಗೀತಿತ್ತಲ್ಲೋ ಯಪ್ಪಾ" ಎಂದಳು. ಯಂತ್ರ ಕೂಡ ನನ್ನನ್ನು ಆ ಮಾತಿನಷ್ಟು ಬೆಚ್ಚಿಸಿರಲಿಲ್ಲ. ಆ ಬಿಸಿಲಿನಲ್ಲಿ ವಿಜಾಪುರದಲ್ಲಿ ಹಣೆ ಒಣಗಿದ್ದವರು ಯಾರೂ ಇರಲಿಲ್ಲ. ಗೌಡರು ಮಾತಿನ ನಡುನಡುವೆ ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಳ್ಳುತ್ತಲೇ ಇದ್ದರು, ಅವರ ವಿಭೂತಿ ಅರ್ಧ ಅಳಿಸಿಹೋಗಿತ್ತು. ಅದನ್ನು ನಾನು ಎದುರಿಗೇ ನಿಂತು ನೋಡುತ್ತಿದ್ದೆ.