ಕೈ ತೊಳೆದು ಮುಟ್ಟಬೇಕಾದ ಮಿಷನ್ನು

ನಮ್ಮ ಸೋದರಮಾವ ಜೀವಮಾನವೆಲ್ಲ ವ್ಯಾಪಾರ ಮಾಡಿದ್ದಾರೆ, ಮಾರಾಟ ಒಂದನ್ನು ಬಿಟ್ಟು! ಕುಮಾರಸ್ವಾಮಿ ಲೇಔಟಿನ ಅವರ ಶೆಡ್ಡಿಗೆ ಗಿರಾಕಿ ಬರುವುದೇ ಅಪರೂಪ. ಹಾಗೆ ಬಂದವರನ್ನು ಓಡಿಸುವುದರಲ್ಲಿ ಅವರಷ್ಟು ಪಳಗಿದ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಅವರು ಮಾರಬೇಕಾಗಿದ್ದದ್ದು ಸೆಕೆಂಡ್ ಹ್ಯಾಂಡ್ ವ್ಯಾಕ್ಯೂಮ್ ಕೋಟಿಂಗ್ ಮಿಷನ್ನುಗಳನ್ನು. ಹಾಗೆಂದರೇನು ಎಂದು ಗಾಬರಿಯಾಗಬೇಡಿ, ನನಗೂ ಬಹಳ ಕಾಲ ತಿಳಿದಿರಲಿಲ್ಲ. ಮದುವೆಮನೆಯ ಹುಳಿ ಕೊಳಗವನ್ನು ಬೋರಲು ಹಾಕಿದಂಥ ಒಂದು ಸ್ಟೀಲ್ ಪಾತ್ರೆ. ಅದಕ್ಕೆ ಚೇಂಬರ್ ಎಂದು ಹೆಸರು. ಒಳಗೆ ಗಾಜು ಇಟ್ಟು, ಪಂಪಿನಿಂದ ಗಾಳಿಯನ್ನೆಲ್ಲ ಹೀರಿ ತೆಗೆದು, ಅಲ್ಯೂಮಿನಿಯಂ ತಂತಿಯನ್ನು ಕಾಯಿಸಿದರೆ ಅದು ಆವಿಯಾಗಿ ಹೋಗಿ ಗಾಜಿನ ಮೇಲೆ ತೆಳ್ಳಗೆ ಕೂರುತ್ತದೆ. ಗಾಜು ಕನ್ನಡಿಯಾಗುತ್ತದೆ. ಮುಚ್ಚಿಹೋದ ಕಾರ್ಖಾನೆಗಳಿಂದ ಇಂಥವನ್ನು ತಂದು, ರಿಪೇರಿ ಮಾಡಿ, ಮಾರುವುದು ಮಾವನ ಕಸುಬು. ತರುವುದೂ ರಿಪೇರಿಯೂ ಸಾಂಗವಾಗಿ ನಡೆಯುತ್ತಿದ್ದವು.

ಅಡ್ಡ ಬರುತ್ತಿದ್ದದ್ದು ಮಡಿ. ಹೌದು, ಮಡಿ! ಮನೆಯಲ್ಲಿ ಮಡಿ ಮೈಲಿಗೆ ಎಂದರೆ ಉರಿದುಬೀಳುವ ಮನುಷ್ಯ ಇವರು. ಹುಡುಗರಾಗಿದ್ದಾಗ ನಮ್ಮಜ್ಜಿ ಕೋಲಿನಿಂದ ಎತ್ತಿ ಒಣಹಾಕಿದ ಮಡಿಸೀರೆಯನ್ನು ಬೇಕೆಂದೇ ಮುಟ್ಟಿ ಓಡುತ್ತಿದ್ದರಂತೆ. ಆ ಪಾಪ ಸುಮ್ಮನೆ ಬಿಡುತ್ತದೆಯೇ? ಚೇಂಬರಿನ ಒಳಗೆ ಒಂದು ಬೆರಳಿನ ಜಿಡ್ಡು ಬಿದ್ದರೂ ಸಾಕು, ಪಂಪು ಎಷ್ಟು ಓಡಿದರೂ ಗಾಳಿ ಪೂರ್ತಿ ಹೋಗುವುದಿಲ್ಲ, ಕೋಟಿಂಗ್ ಕೆಡುತ್ತದೆ. ಹೀಗಾಗಿ ಶೆಡ್ಡಿನೊಳಗೆ ಮಾವ ಅಜ್ಜಿಗಿಂತ ದೊಡ್ಡ ಅಜ್ಜಿಯಾಗಿಬಿಟ್ಟರು. ಕೈಗೆ ಗ್ಲೌಸು, ಬಾಗಿಲಲ್ಲಿ ಸೋಪು. ತಲೆಗೆ ಎಣ್ಣೆ ಹಚ್ಚಿಕೊಂಡು ಹೋದ ದಿನ ಸ್ವಂತ ಸೋದರಸೊಸೆಯಾದ ನನ್ನನ್ನೇ ಹೊಸ್ತಿಲಾಚೆ ನಿಲ್ಲಿಸಿ ಮಾತಾಡಿಸಿ ಕಳಿಸಿದರು. "ಮುಟ್ಬೇಡ! ಕೈ ಗುರುತು ಬೀಳುತ್ತೆ!" ಎನ್ನುವುದೇ ಅಲ್ಲಿನ ಸ್ವಾಗತ.

ಒಮ್ಮೆ ಪೀಣ್ಯದ ಕಡೆಯ ಸಾಹುಕಾರರೊಬ್ಬರು ಹೆಂಡತಿ ಸಮೇತ ಬಂದರು. ಒಳ್ಳೆಯ ದಿನ ನೋಡಿ ತಟ್ಟೆ, ತೆಂಗಿನಕಾಯಿ, ಅರಿಶಿನ ಕುಂಕುಮ ಎಲ್ಲ ತಂದಿದ್ದರು. ಅಡ್ವಾನ್ಸು ಕೊಡುವುದಕ್ಕೆ ಮೊದಲು ಆಕೆ ಕುಂಕುಮದ ಬೆರಳನ್ನು ಚೇಂಬರಿನ ಬಾಯಿಯತ್ತ ಚಾಚಿದರು. ಮಾವ ಕಿರುಚಿದ್ದು ಪಕ್ಕದ ಗ್ಯಾರೇಜಿಗೆ ಕೇಳಿಸಿತು.

"ಏನ್ ಸಾರ್ ನೀವು, ಬೊಟ್ಟಿಡದೆ ಮಿಷನ್ನ ಮನೆ ತುಂಬಿಸ್ಕೊಳ್ಳೋದು ಹೇಗೆ?" ಎಂದರು ಸಾಹುಕಾರರು.

"ನಿಮ್ಮ ಹಣೆಗೆ ಎಷ್ಟ್ ಬೇಕಾದ್ರೂ ಇಟ್ಕೊಳ್ಳಿ, ಇದಕ್ಕೆ ಮಾತ್ರ ಬೇಡಿ!"

ಅಪಶಕುನವಾಯಿತು ಎಂದು ಆ ದಂಪತಿ ಹೊರಟೇಬಿಟ್ಟರು. ಜಯನಗರದ ಮನೆಗೆ ಬಂದು ಮಾವ ಈ ಶೌರ್ಯವನ್ನು ವರ್ಣಿಸಿದಾಗ ಅತ್ತೆ ಅಕ್ಕಿ ಆರಿಸುತ್ತಿದ್ದವರು ತಲೆಯೆತ್ತದೆ, "ಕಾಯಾದ್ರೂ ಇಸ್ಕೋಬೇಕಿತ್ತು, ಚಟ್ನಿಗಾಗ್ತಿತ್ತು" ಎಂದರು.

ಈ ಅತ್ತೆಯದು ಒಂದೇ ಒಂದು ಬೇಡಿಕೆ. ಅವರ ಕೋಣೆಯಲ್ಲಿ ತವರಿನಿಂದ ಬಂದ ಗೋಡೆಕನ್ನಡಿಯೊಂದಿತ್ತು. ಅದರ ಬೆನ್ನಿನ ಲೇಪ ಎದ್ದುಹೋಗಿ ಕಪ್ಪು ಮಚ್ಚೆ ಬಿದ್ದಿತ್ತು.

"ಊರವರ ಗಾಜಿಗೆಲ್ಲ ಕಳೆ ಬರಿಸ್ತೀರಿ. ಇದ್ರಲ್ಲಿ ನನ್ನ ಮುಖ ಗ್ರಹಣ ಹಿಡಿದ ಹಾಗೆ ಕಾಣುತ್ತೆ ಕಣ್ರೀ."

"ಅದರ ತುಂಬ ನಿನ್ನ ಎಣ್ಣೆ ಕೈ! ಮೊದಲು ಚೆನ್ನಾಗಿ ತೊಳೆದು ಕೊಡು, ನೋಡೋಣ."

"ತೊಳೆದ ಮೇಲೂ ಮುಟ್ಟೋಳು ನಾನೇ ತಾನೆ?"

ಹಬ್ಬ ಕಳೆಯಲಿ, ಪಂಪು ಸರಿಯಾಗಲಿ ಎಂದು ಕನ್ನಡಿಯ ಕೆಲಸ ಮುಂದಕ್ಕೆ ಹೋಗುತ್ತಲೇ ಇತ್ತು. ಕಳೆದ ವರ್ಷ ಅತ್ತೆ ಹೋಗಿಬಿಟ್ಟರು. ಬೆಳಿಗ್ಗೆ ತಲೆಸುತ್ತು ಎಂದು ಮಲಗಿದವರು ಸಂಜೆಗೆ ಇರಲಿಲ್ಲ. ನನಗೆ ಅಮ್ಮನಷ್ಟೇ ಬೇಕಾದವರು. ಆ ಮನೆಗೆ ಹೋಗಲು ಈಗಲೂ ಕಾಲು ಏಳುವುದಿಲ್ಲ.

ಆಮೇಲೆ ಶೆಡ್ಡಿನ ಮಾಲೀಕರು ಜಾಗ ಖಾಲಿ ಮಾಡಿ ಎಂದರು, ಪಿ.ಜಿ. ಕಟ್ಟಿಸುತ್ತಾರಂತೆ. ಉಳಿದಿದ್ದದ್ದು ಒಂದೇ ಮಿಷನ್ನು, ಮಾವ ಎಲ್ಲಕ್ಕಿಂತ ಹೆಚ್ಚು ಉಜ್ಜಿ ಇಟ್ಟುಕೊಂಡಿದ್ದದ್ದು. ಯುಗಾದಿಯೊಳಗೆ ಯಾರಾದರೂ ಕೊಳ್ಳಬೇಕು, ಇಲ್ಲದಿದ್ದರೆ ಗುಜರಿ. ಫೋನಿನಲ್ಲಿ ಜಾಹೀರಾತು ಹಾಕುವ ಕೆಲಸ ನನ್ನ ಪಾಲಿಗೆ ಬಂತು. "ಕೈ ತೊಳೆದು ಬರುವವರು ಮಾತ್ರ ಸಂಪರ್ಕಿಸಿ ಅಂತ ಹಾಕು ಪುಟ್ಟಿ" ಎಂದರು ಮಾವ. ಇಂಥ ಜಾಹೀರಾತಿಗೆ ಯಾರು ಬರುತ್ತಾರೆ ಹೇಳಿ?

ಬಂದ! ಜೆ.ಪಿ. ನಗರದಲ್ಲಿ ಹೊಸದಾಗಿ ಕೆಫೆ ತೆರೆಯುವ ಗಡ್ಡದ ಹುಡುಗನೊಬ್ಬ ಬಂದ. ಪುಣ್ಯಾತ್ಮ, ಹೇಳಿಸಿಕೊಳ್ಳದೆ ಕೈಯನ್ನೂ ತೊಳೆದ. ಮಾವನ ಕಣ್ಣಲ್ಲಿ ಆನಂದದ ನೀರು ಬರುವುದೊಂದು ಬಾಕಿ.

"ಸಖತ್ ವಿಂಟೇಜ್ ಲುಕ್ ಅಂಕಲ್! ಇದನ್ನ ಸೀಲಿಂಗಿಂದ ಇಳಿಬಿಟ್ಟು, ಒಳಗೆ ಬಲ್ಬ್ ಹಾಕಿದ್ರೆ ಏನ್ ಮಸ್ತಾಗಿರುತ್ತೆ!"

ಕೇಳಿದಷ್ಟು ಕೊಡಲು ತಯಾರಿದ್ದ. ಮಾವ ಮಿಷನ್ನಿಗೆ ಅಡ್ಡ ನಿಂತು, "ದೀಪಕ್ಕೆ ನೇತುಹಾಕೋಕೆ ಕೊಡಲ್ಲಪ್ಪ. ಅದಕ್ಕಿಂತ ಇದು ಸಾಯೋದೇ ಮೇಲು" ಎಂದರು. ನಾನು ತಲೆ ಚಚ್ಚಿಕೊಂಡೆ. ಗುಜರಿಯವನಿಗೆ ಫೋನ್ ಹೋಯಿತು.

ಅವನು ಬರುವ ಹಿಂದಿನ ದಿನ ಮಾವ ನನ್ನನ್ನು ಕರೆದು, "ಅತ್ತೆ ಕನ್ನಡಿ ತಗೊಂಡು ಬಾ. ನಾಳೆ ಇದು ಇರಲ್ಲ" ಎಂದರು. ಹಳೆಯ ಸೀರೆಯಲ್ಲಿ ಸುತ್ತಿ ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ. ಮಾವ ಗ್ಲೌಸು ಹಾಕಿಕೊಂಡು, ಬೆನ್ನಿನ ಕಪ್ಪು ಲೇಪವನ್ನೆಲ್ಲ ಕೆರೆದು ತೆಗೆದು, ಮಿರಮಿರ ಮಿಂಚುವ ಹಾಗೆ ತಿಕ್ಕಿದರು. ಮುಂಭಾಗ ಒರೆಸಲು ಗಾಜನ್ನು ಹೊರಳಿಸಿದರು. ಸ್ಪಿರಿಟಿನಲ್ಲಿ ಅದ್ದಿದ ಬಟ್ಟೆ ಕೈಯಲ್ಲೇ ಉಳಿಯಿತು.

ಗಾಜಿನ ಮೂಲೆಯಲ್ಲಿ ಅತ್ತೆಯ ಕೆಂಪು ಸ್ಟಿಕ್ಕರ್ ಬೊಟ್ಟು ಅಂಟಿಕೊಂಡಿತ್ತು. ಮಲಗುವಾಗ ಹಣೆಯಿಂದ ತೆಗೆದು ಅಲ್ಲಿ ಒತ್ತಿಡುವುದು ಅವರ ಅಭ್ಯಾಸ. ಸುತ್ತ ಅವರ ಬೆರಳಿನ ಜಿಡ್ಡು ಗುರುತುಗಳು, ಗೆರೆಗೆರೆಯಾಗಿ, ನಿನ್ನೆ ಒತ್ತಿದ ಹಾಗೆ.

"ಮಾವ, ನಾನು ಒರೆಸ್ಲಾ?" ಎಂದೆ.

"ಬೇಡ."

ಬಟ್ಟೆಯನ್ನು ಪಕ್ಕಕ್ಕಿಟ್ಟು ಕನ್ನಡಿಯನ್ನು ಹಾಗೆಯೇ ಚೇಂಬರಿನೊಳಗೆ ಇಟ್ಟರು. ಆ ಬೊಟ್ಟಿನ ಸಮೇತ!

"ಮಾವ, ಎಣ್ಣೆ ಇದೆ! ಗಾಳಿ ಹೋಗಲ್ಲ ಅಂತೀರಲ್ಲ ನೀವೇ?"

"ಹೋದಷ್ಟು ಹೋಗ್ಲಿ ಬಿಡು."

ಮಧ್ಯಾಹ್ನವೆಲ್ಲ ಪಂಪು ಏದುಸಿರು ಬಿಟ್ಟಿತು. ಒಳಗಿನ ಗಾಳಿಯ ಅಳತೆ ತೋರಿಸುವ ಮುಳ್ಳು ಇಳಿಯಬೇಕಾದ ಕಡೆಗೆ ಇಳಿಯಲೇ ಇಲ್ಲ. ಮಾವ ಸ್ಟೂಲಿನ ಮೇಲೆ ಕೂತು ಕಾದರು, ಆಮೇಲೆ ತಂತಿ ಕಾಯಿಸಿದರು. ಹೊರಗೆ ತೆಗೆದಾಗ ಕನ್ನಡಿ ಒಂದು ಕಡೆ ಹೊಳೆಯುತ್ತಿತ್ತು, ಇನ್ನೊಂದು ಕಡೆ ಮಜ್ಜಿಗೆ ಚೆಲ್ಲಿದ ಹಾಗಿತ್ತು. ಬೊಟ್ಟು ಬಿಸಿಗೆ ಅಂಚಿನಲ್ಲಿ ತುಸು ಮುದುರಿತ್ತು. "ಇಷ್ಟು ಕೆಟ್ಟ ಕೆಲಸ ನನ್ನ ಕೈಯಿಂದ ಯಾವತ್ತೂ ಬಂದಿರ್ಲಿಲ್ಲ" ಎಂದು ಮಾವ ಅದನ್ನು ತಾವೇ ಸೀರೆಯಲ್ಲಿ ಸುತ್ತಿದರು.

ಮರುದಿನ ಗುಜರಿಯವನು ಬೀಡಿ ಹಿಡಿದ ಕೈಯನ್ನೇ ಚೇಂಬರಿನ ಒಳಗೆ ತೂರಿಸಿ ತಟ್ಟಿ ನೋಡಿದ. ಮಾವ ಗ್ಲೌಸು ಕಳಚಿ ಜೇಬಿಗೆ ಹಾಕಿಕೊಂಡರು. ಗ್ಯಾಸ್ ಕಟರಿನ ಕಿಡಿ ಹಾರಲು ಶುರುವಾದ ಮೇಲೆ ನಾನು ಅವರನ್ನು ಹೊರಗೆ ಕರೆದುಕೊಂಡು ಬಂದೆ.

ಕನ್ನಡಿ ಈಗ ಮತ್ತೆ ಅತ್ತೆಯ ಎತ್ತರಕ್ಕೇ ನೇತಾಡುತ್ತಿದೆ. ಉದ್ದನೆಯ ಮಾವ ಮೊಣಕಾಲು ಬಗ್ಗಿಸಿ, ಇರುವ ನಾಲ್ಕು ಕೂದಲನ್ನು ಅದರಲ್ಲೇ ನೋಡಿ ಬಾಚಿಕೊಳ್ಳುತ್ತಾರೆ. ಯುಗಾದಿಗೆ ಮನೆ ಸಾರಿಸಲು ಹೋದವಳು ಒದ್ದೆ ಬಟ್ಟೆ ಹಿಡಿದು ಆ ಕೋಣೆಗೆ ಕಾಲಿಟ್ಟೆನೋ ಇಲ್ಲವೋ, ಹಾಲಿನಿಂದ ಶೆಡ್ಡಿನ ಅದೇ ಹಳೆಯ ಗಂಟಲು ಕೇಳಿಸಿತು.

"ಏ ಪುಟ್ಟೀ! ಮುಟ್ಬೇಡ! ಕೈ ಗುರುತು ಹೋಗುತ್ತೆ!"