ಹೆಸರಿಲ್ಲದ ಹಲ್ವ

"ಈ ಕುಟುಂಬದ ಒಂದೇ ಒಂದು ತಿಂಡಿಗೂ ನನ್ನ ಹೆಸರಿಲ್ಲ, ಇನ್ನು ಬೀಳುವುದೂ ಇಲ್ಲ!" ಎಂದು ಉರ್ವದ ಲೋಕನಾಥಣ್ಣ ಎದೆ ತಟ್ಟಿಕೊಂಡು ಸೊಂಟಕ್ಕೆ ಬೈರಾಸು ಬಿಗಿದರು.

ಹೆಮ್ಮೆಗೆ ಕಾರಣವಿತ್ತು. ಹೆಂಡತಿ ಕುಶಲಾಳ ತವರಿನಲ್ಲಿ ಒಂದು ಪೋಕರಿ ಪದ್ಧತಿ: ಸಿಹಿ ಕೆಡಿಸಿದವರ ಹೆಸರನ್ನು ಆ ಸಿಹಿಗೇ ಕಟ್ಟುವುದು. ಸೋದರಮಾವ ಕರ್ರಗೆ ಕರಿದ ಸುಕ್ರುಂಡೆ ಇವತ್ತಿಗೂ 'ಮಾವನ ಮಂಡೆ'. ಉಂಡೆ ಕಟ್ಟಲಾಗದೆ ದೊಡ್ಡಮ್ಮ ಚಮಚದಲ್ಲಿ ಬಡಿಸಿದ ಎಳ್ಳುಂಡೆ 'ದೊಡ್ಡಮ್ಮನ ದೂಳು'. ಅಡುಗೆಮನೆಗೇ ಕಾಲಿಡದ ಲೋಕನಾಥಣ್ಣ ಮಾತ್ರ ಈವರೆಗೆ ಪಾರಾಗಿದ್ದರು.

ಆದರೆ ಇವತ್ತು ಮಗಳು ಚೈತಾಲಿಯನ್ನು ನೋಡಲು ತುಷಾರನ ಮನೆಯವರು ಬರುವವರಿದ್ದರು. ಭಾವೀ ಮಾವನ ಕೈರುಚಿ ಮೆರೆಯಬೇಡವೇ? ಬಂದರಿನ ಅಂಗಡಿಯಿಂದ ಗೋಧಿ, ಬೆಲ್ಲ, ತುಪ್ಪ ಬಂತು. ಹಲ್ವ ಒಲೆಗೇರಿತು. ಸೌಟಿನ ಒಂದೊಂದು ಸುತ್ತೂ ಫೋಟೊ ಆಗಿ ಕುಟುಂಬದ ವಾಟ್ಸಾಪಿಗೆ ಹೋಯಿತು.

"ಫೋನ್ ಬಿಟ್ಟು ಸೌಟು ಹಿಡೀರಿ ಮಾರಾಯ್ರೆ, ಪಾಕ ಏರ್ತಾ ಉಂಟು!" ಎಂದಳು ಕುಶಲಾ.

"ಒಂದು ನಿಮಿಷ, ಚಪ್ಪಾಳೆ ಬರ್ತಾ ಉಂಟು!"

ಚಪ್ಪಾಳೆ ಮುಗಿಯುವಷ್ಟರಲ್ಲಿ ಸೌಟು ಹಲ್ವದೊಳಗೆ ನೆಟ್ಟಗೆ ನಿಂತಿತ್ತು. ಎಳೆದರೆ ಬಾಣಲೆಯೂ ಜೊತೆಗೇ ಎದ್ದು ಬಂತು! ಅಷ್ಟರಲ್ಲಿ ಗೇಟಿನ ಬಳಿ ಕಾರು ನಿಂತಿತು.

"ಕುಶಲಾ, ನಿನ್ನ ಕಾಲಿಗೆ ಬೀಳ್ತೇನೆ. ಮಾಡಿದ್ದು ನೀನು ಅಂತ ಹೇಳು."

"ಎಂತ, ಕೆಟ್ಟ ಹೆಸರು ನನಗಿರ್ಲಿ ಅಂತಲಾ? ಆಯ್ತು. ಮತ್ತೆ ನೀವು ಬಾಯಿ ಬಿಡ್ಬಾರ್ದು!"

ತುಷಾರನ ತಂದೆ ಮಾತಿನ ಮಲ್ಲ. ಕೂಳೂರು ಸೇತುವೆಯ ಟ್ರಾಫಿಕ್ಕಿನಿಂದ ಶುರುವಾದ ಮಾತು ನಿಲ್ಲುವ ಲಕ್ಷಣವೇ ಇರಲಿಲ್ಲ. ಕುಶಲಾ ತಾನೇ ಮಾಡಿದ್ದೆಂದು ಕೊಟ್ಟ ಹಲ್ವದ ತುಂಡು ಬಾಯಿಗೆ ಹಾಕಿಕೊಂಡರು ನೋಡಿ, ಮಾತು ಗಕ್ಕನೆ ನಿಂತಿತು! ದವಡೆ ಮೇಲೂ ಇಲ್ಲ, ಕೆಳಗೂ ಇಲ್ಲ. ಮಗಳ ಸಂಬಂಧ ಕೆಟ್ಟೇ ಹೋಯಿತೆಂದು ಲೋಕನಾಥಣ್ಣ ಕಣ್ಣು ಮುಚ್ಚಿಕೊಂಡರು.

ತುಷಾರನ ತಾಯಿ ಮಾತ್ರ ಗಂಡನ ಮುಖವನ್ನೇ ನೋಡುತ್ತ ಅರಳಿದರು. "ಅಬ್ಬ! ಇಷ್ಟು ನೆಮ್ಮದಿ ನಾನು ಮದುವೆಯಾದ ಮೇಲೆ ಕಂಡದ್ದೇ ಇಲ್ಲ. ಕುಶಲಕ್ಕ, ನಿಮ್ಮ ಕೈಗೆ ಚಿನ್ನದ ಬಳೆ ಹಾಕ್ಬೇಕು! ಸಂಬಂಧ ನಮಗೆ ಒಪ್ಪಿಗೆ. ಮದುವೆಗೂ ಇದೇ ಹಲ್ವ ಇರ್ಲಿ."

ಕುಶಲಾ ನಾಚಿದಂತೆ ತಲೆ ತಗ್ಗಿಸಿದಳು. ಲೋಕನಾಥಣ್ಣನಿಗೆ ಹೊಟ್ಟೆ ಉರಿಯಿತು. ತಡೆದರು, ತಡೆದರು, ತಡೆಯಲಾಗಲಿಲ್ಲ.

"ಮಾಡಿದ್ದು ನಾನು! ಪೂರಾ ನಾನೇ!" ಎಂದು ಸಾರಿ, ಗೆದ್ದ ಖುಷಿಗೆ ತಾವೂ ಒಂದು ದೊಡ್ಡ ತುಂಡು ಬಾಯಿಗೆಸೆದುಕೊಂಡರು.

"ಹೌದಾ ಪಪ್ಪ?" ಚೈತಾಲಿ ಫೋನ್ ಎತ್ತಿಕೊಂಡಳು. "ಹಾಗಾದ್ರೆ ಗ್ರೂಪಿಗೆ ಹಾಕ್ತೇನೆ. ಹೊಸ ಸಿಹಿ, 'ಪಪ್ಪನ ಬಾಯಿಬೀಗ'. ಬೇಡ ಅಂತಿದ್ರೆ ಈಗ್ಲೇ ಹೇಳಿ."

ಲೋಕನಾಥಣ್ಣ ಹೇಳಲು ಹೊರಟರು. ದವಡೆ ಮೇಲೂ ಇಲ್ಲ, ಕೆಳಗೂ ಇಲ್ಲ!